ಟರ್ಮ್ ಶೀಟ್‌ಗೆ ಸಹಿ ಹಾಕುವ ಮುನ್ನ

ಹೂಡಿಕೆದಾರರಿಂದ ಟರ್ಮ್ ಶೀಟ್, ಅಂದರೆ ಹೂಡಿಕೆಯ ಮುಖ್ಯ ಷರತ್ತುಗಳ ಪಟ್ಟಿ, ಬಂದ ಕೂಡಲೇ ಸ್ಟಾರ್ಟಪ್ ಕಟ್ಟಿದವರ ಕಣ್ಣು ಹೋಗುವುದು ಒಂದೇ ಸಾಲಿಗೆ: ವ್ಯಾಲ್ಯುಯೇಶನ್, ಅಂದರೆ ಕಂಪನಿಗೆ ಕಟ್ಟಿದ ಬೆಲೆ. ಅದು ಚೆನ್ನಾಗಿದ್ದರೆ ಸಾಕು, ಉಳಿದದ್ದನ್ನು ವಕೀಲರು ನೋಡಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾರೆ. ಕಂಪನಿ ಮಾರಿದಾಗ ಯಾರಿಗೆ ಎಷ್ಟು ಎಂದು ತೀರ್ಮಾನಿಸುವುದು ಆ ಉಳಿದ ಸಾಲುಗಳೇ.

ಮೊದಲ ಹೆಜ್ಜೆ, ನಿಮ್ಮ ಕಾಗದಪತ್ರ. ಸ್ಥಾಪಕರ ನಡುವಿನ ಒಪ್ಪಂದ ಬರಹದಲ್ಲಿರಲಿ. ಷೇರು ನಾಲ್ಕು ವರ್ಷದಲ್ಲಿ ಹಂತ ಹಂತವಾಗಿ ಕೈಸೇರಲಿ, ಮೊದಲ ವರ್ಷ ಮುಗಿಯುವ ಮುನ್ನ ಬಿಟ್ಟುಹೋದವರಿಗೆ ಏನೂ ಬೇಡ. ಕೋಡ್, ವಿನ್ಯಾಸ, ಹೆಸರು ಎಲ್ಲವೂ ಕಂಪನಿಯ ಹೆಸರಿಗೆ ಬರೆದುಕೊಟ್ಟಿರಬೇಕು. ಶುರುವಿನಲ್ಲಿ ಕೋಡ್ ಬರೆದು ಬಿಟ್ಟುಹೋದ ಗೆಳೆಯನ ಸಹಿಯನ್ನು ಈಗಲೇ ಹಾಕಿಸಿಕೊಳ್ಳಿ. ದುಡ್ಡು ಬರುತ್ತಿದೆ ಎಂಬ ಸುದ್ದಿ ಹಬ್ಬಿದ ಮೇಲೆ ಆ ಸಹಿಗೆ ಬೆಲೆ ಜಾಸ್ತಿ.

ಎರಡನೆಯದು, ಹಣ ಯಾವ ರೂಪದಲ್ಲಿ ಎಂಬುದು. ಕನ್ವರ್ಟಿಬಲ್ ನೋಟ್ ಅಂದರೆ ಮುಂದೆ ಷೇರಾಗಿ ಬದಲಾಗುವ ಸಾಲ. ಬಡ್ಡಿ, ಗಡುವು ಎರಡೂ ಇರುತ್ತವೆ. ಅಮೆರಿಕದ ಸ್ಟಾರ್ಟಪ್ ಹೂಡಿಕೆ ಸಂಸ್ಥೆ ವೈ ಕಾಂಬಿನೇಟರ್ 2013ರಲ್ಲಿ ತಂದ 'ಸೇಫ್'ನಲ್ಲಿ, ಅಂದರೆ ಈಗ ಹಣ ಕೊಟ್ಟು ಮುಂದೆ ಷೇರು ಪಡೆಯುವ ಒಪ್ಪಂದದಲ್ಲಿ, ಎರಡೂ ಇಲ್ಲ. ಆದರೆ ಅದರ ಮೂಲ ನಮೂನೆ ಅಮೆರಿಕದ ಕಾನೂನಿಗೆ ಹೊಂದುವಂಥದ್ದು. ಡೌನ್‌ಲೋಡ್ ಮಾಡಿ ಹೆಸರು ಬದಲಿಸಿದರೆ ಎಲ್ಲ ಕಡೆ ನಡೆಯುವುದಿಲ್ಲ. ಉಚಿತ ನಮೂನೆಗಳ ಹಾವಳಿಯೇ ಇದು: ಓದಲು ಸಲೀಸು, ಬೇಕಾದ ಷರತ್ತು ಮಾತ್ರ ಇರುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗ: ಲಿಕ್ವಿಡೇಶನ್ ಪ್ರಿಫರೆನ್ಸ್. ಕಂಪನಿ ಮಾರಿದಾಗ ಹೂಡಿಕೆದಾರರು ಮೊದಲು ತಮ್ಮ ಹಣ ತೆಗೆದುಕೊಳ್ಳುವ ಹಕ್ಕು ಇದು. ಪೆನ್ನು ಹಿಡಿದು ಲೆಕ್ಕ ಹಾಕಿ. ಅವರು 20 ಕೋಟಿ ಹಾಕಿ ಶೇ 25 ಪಾಲು ಪಡೆದಿದ್ದಾರೆ, ಕಂಪನಿ 40 ಕೋಟಿಗೆ ಹೋಯಿತು ಅಂದುಕೊಳ್ಳಿ. 'ಒನ್ ಎಕ್ಸ್, ನಾನ್ ಪಾರ್ಟಿಸಿಪೇಟಿಂಗ್' ಎಂದಿದ್ದರೆ ಹಾಕಿದ ದುಡ್ಡು ಅಥವಾ ಪಾಲು, ಯಾವುದಾದರೂ ಒಂದು. ಪಾಲಿಗೆ ಬರುವುದು 10 ಕೋಟಿ ಮಾತ್ರ, ಹಾಗಾಗಿ 20 ಕೋಟಿ ವಾಪಸ್ ಪಡೆಯುತ್ತಾರೆ. ನಿಮ್ಮ ಕಡೆಗೆ 20. 'ಪಾರ್ಟಿಸಿಪೇಟಿಂಗ್' ಆದರೆ ಮೊದಲು 20, ಆಮೇಲೆ ಉಳಿದ 20ರಲ್ಲೂ ಕಾಲು ಭಾಗ. ಅವರಿಗೆ 25, ನಿಮಗೆ 15. 'ಟೂ ಎಕ್ಸ್', ಅಂದರೆ ಹಾಕಿದ್ದರ ಎರಡರಷ್ಟು, ಎಂದು ಬರೆದಿದ್ದರೆ ಪೂರ್ತಿ 40 ಅವರದ್ದೇ. ಮುಕ್ಕಾಲು ಕಂಪನಿಯ ಮಾಲೀಕರಾದ ನಿಮ್ಮ ಕೈಗೆ ಸೊನ್ನೆ!

ಕಂಪನಿ ದೊಡ್ಡ ಮೊತ್ತಕ್ಕೆ ಹೋದರೆ ಇದೆಲ್ಲ ಲೆಕ್ಕಕ್ಕಿಲ್ಲ ಎನ್ನುವವರಿದ್ದಾರೆ. 200 ಕೋಟಿಗೆ ಹೋದರೂ ನಾನ್ ಪಾರ್ಟಿಸಿಪೇಟಿಂಗ್‌ನಲ್ಲಿ ಅವರಿಗೆ 50, ಪಾರ್ಟಿಸಿಪೇಟಿಂಗ್‌ನಲ್ಲಿ 65. ಹದಿನೈದು ಕೋಟಿ ಕಡಿಮೆ ಏನಲ್ಲ, ಅಲ್ವಾ? ಇವತ್ತು ಇವರಿಗೆ ಕೊಟ್ಟದ್ದನ್ನು ಮುಂದಿನ ಸುತ್ತಿನವರೂ ಕೇಳುತ್ತಾರೆ ಅನ್ನುವುದು ಬೇರೆ. ಒನ್ ಎಕ್ಸ್, ನಾನ್ ಪಾರ್ಟಿಸಿಪೇಟಿಂಗ್ ಬಿಟ್ಟು ಬೇರೆಯದಕ್ಕೆ ಒಪ್ಪಬೇಡಿ. ಅದಕ್ಕಾಗಿ ವ್ಯಾಲ್ಯುಯೇಶನ್ ಸ್ವಲ್ಪ ಇಳಿಸಬೇಕಾದರೆ ಇಳಿಸಿ.

ವ್ಯಾಲ್ಯುಯೇಶನ್ ಒಳಗೂ ಒಂದು ಕೈಚಳಕವಿದೆ. ಹೂಡಿಕೆಗೆ ಮುಂಚಿನ ಬೆಲೆ 60 ಕೋಟಿ, ಹೂಡಿಕೆ 20, ಒಟ್ಟು 80. ನೌಕರರಿಗೆ ಶೇ 10 ಷೇರು ಮೀಸಲಿಡಿ, ಅದನ್ನು ಆ 60ರ ಒಳಗೇ ತೆಗೆಯಿರಿ ಎನ್ನುತ್ತಾರೆ. ಅಲ್ಲಿಗೆ 80ರ ಶೇ 10, ಅಂದರೆ 8 ಕೋಟಿ ನಿಮ್ಮ ಪಾಲಿನಿಂದಲೇ ಹೋಯಿತು. ನಿಮ್ಮ ಕಂಪನಿಗೆ ಅವರು ಕಟ್ಟಿದ ಬೆಲೆ 52 ಅಷ್ಟೇ. ಮುಂದಿನ ಒಂದೂವರೆ ವರ್ಷದಲ್ಲಿ ಯಾರನ್ನೆಲ್ಲ ಸೇರಿಸಿಕೊಳ್ಳುತ್ತೀರಿ ಎಂಬ ಪಟ್ಟಿ ಮುಂದಿಟ್ಟರೆ ಈ ಶೇಕಡಾವಾರು ಇಳಿಯುತ್ತದೆ. ಪಟ್ಟಿ ಇಲ್ಲದೆ ಸುಮ್ನೆ ವಾದ ಮಾಡಿದರೆ ಇಳಿಯುವುದಿಲ್ಲ.

ಆ್ಯಂಟಿ ಡೈಲ್ಯೂಶನ್‌ಗೆ (ಮುಂದೆ ಷೇರು ಕಡಿಮೆ ಬೆಲೆಗೆ ಮಾರಿದರೆ ಹೂಡಿಕೆದಾರರ ಪಾಲಿಗೆ ಸಿಗುವ ರಕ್ಷಣೆ) 'ವೇಯ್ಟೆಡ್ ಆವರೇಜ್', ಅಂದರೆ ಹೊಸ ಷೇರುಗಳ ಸಂಖ್ಯೆಗೆ ತಕ್ಕಂತೆ ಅವರ ಬೆಲೆ ಸ್ವಲ್ಪ ಇಳಿಸುವುದನ್ನು, ಒಪ್ಪಿಕೊಳ್ಳಿ; ಎಷ್ಟೇ ಷೇರು ಮಾರಿದರೂ ಅವರ ಬೆಲೆಯನ್ನು ಪೂರ್ತಿ ಹೊಸ ಬೆಲೆಗೇ ಇಳಿಸುವ 'ಫುಲ್ ರ್‍ಯಾಚೆಟ್' ಬೇಡ. ಅವರ ಅನುಮತಿ ಬೇಕಾದ ವಿಷಯಗಳ ಪಟ್ಟಿಯಲ್ಲಿ ಕಂಪನಿ ಮಾರಾಟ, ಹೊಸ ಷೇರು ಇರಲಿ; ದಿನನಿತ್ಯದ ಖರ್ಚು ಬೇಡ.

ಸಹಿ ಹಾಕುವಾಗ ಒಂದು ನೆನಪಿರಲಿ. ಟರ್ಮ್ ಶೀಟ್‌ನ ಹೆಚ್ಚಿನ ಭಾಗಕ್ಕೆ ಸಾಮಾನ್ಯವಾಗಿ ಕಾನೂನಿನ ಕಟ್ಟು ಇರುವುದಿಲ್ಲ. ಗೋಪ್ಯತೆ, ಬೇರೆ ಹೂಡಿಕೆದಾರರ ಜತೆ ಮಾತಾಡಬಾರದು ಎನ್ನುವ ಷರತ್ತು, ಇವಕ್ಕೆ ಇರುತ್ತದೆ. ಈ ಎರಡನೆಯದಕ್ಕೆ 30 ದಿನ ಸಾಕು ಎಂದು ಹೇಳಿ. ಅವಧಿ ಬರೆಯದೆ ಬಿಟ್ಟರೆ ಅವರು ನಿಧಾನಿಸಿದಷ್ಟೂ ನಿಮ್ಮ ಖಜಾನೆ ಕರಗುತ್ತದೆ. ವಕೀಲರು ನಿಮ್ಮವರೇ ಆಗಿರಲಿ, ಇಂಥ ಒಪ್ಪಂದ ಮಾಡಿ ಪಳಗಿದವರಾಗಿರಲಿ. ಆಸ್ತಿ ವ್ಯಾಜ್ಯ ನಡೆಸುವ ನೆಂಟರು ಬೇಡ.

ಆಮೇಲಿನದು ದಾಖಲೆ ಪರಿಶೀಲನೆ, ಅಂತಿಮ ಒಪ್ಪಂದ, ಹಣ. ಹಣ ಬಂದು ಷೇರು ಹಂಚಿದ ಕೂಡಲೇ ಷೇರುದಾರರ ರಿಜಿಸ್ಟರ್ ತಿದ್ದಿ, ಸಹಿಯಾದ ಪ್ರತಿಗಳನ್ನೆಲ್ಲ ಒಂದೇ ಫೋಲ್ಡರ್‌ಗೆ ಹಾಕಿ. 'ಫೈನಲ್ 3' ಎಂದು ಹೆಸರಿಟ್ಟ, ಸಹಿ ಇಲ್ಲದ ಕರಡನ್ನು ಅಲ್ಲಿ ಇಡಬೇಡಿ.