ಉಡುಪಿಯ ರಂಗತಂತ್ರ ಸಮಾವೇಶ: ವೀಲ್‌ಚೇರಿಗೆ ದಾರಿ ಮಾಡಿದ್ದು ಹೀಗೆ

ಎರಡು ದಿನದ ರಂಗತಂತ್ರ ಸಮಾವೇಶಕ್ಕೆ ಉಡುಪಿಯಲ್ಲಿ ಸಭಾಂಗಣ ಹುಡುಕುವಾಗ ಹೋದಲ್ಲೆಲ್ಲ ಒಂದೇ ಉತ್ತರ: "ರ್‍ಯಾಂಪ್ ಉಂಟು." ಉಂಟು, ಮುಂಬಾಗಿಲಿಗೆ. ನಾಟಕ ನೋಡಿ ಹೋಗುವವರಿಗೆ ಅಷ್ಟು ಸಾಕಾದೀತು. ನಮ್ಮಲ್ಲಿಗೆ ವೀಲ್‌ಚೇರಿನಲ್ಲಿ ಬರಲಿದ್ದ ನಾಲ್ವರಲ್ಲಿ ಇಬ್ಬರು ಬೆಳಕಿನವರು, ಒಬ್ಬರು ಧ್ವನಿಯವರು, ಒಬ್ಬರು ರಂಗಸಜ್ಜಿಕೆಯವರು. ಅವರಿಗೆ ಬೇಕಾದದ್ದು ಲೈಟಿಂಗ್ ಬೋರ್ಡಿನ (ಲೈಟುಗಳನ್ನು ನಿಯಂತ್ರಿಸುವ ಫಲಕ) ಹಿಂದಿನ ಜಾಗ, ರಂಗದ ಮೇಲಿನ ಜಾಗ. ಅಲ್ಲಿಗೆ ಯಾವ ಕಟ್ಟಡದಲ್ಲೂ ದಾರಿ ಇರಲಿಲ್ಲ.

ಮೊದಲು ಫೋನಿನಲ್ಲೇ ಕೇಳಿಕೊಂಡದ್ದು: ಕುರ್ಚಿಯ ಅಗಲ, ಉದ್ದ, ಆಳು ಸೇರಿ ಒಟ್ಟು ತೂಕ, ಮಡಚುವಂಥದ್ದೋ ಅಲ್ಲವೋ, ಬ್ಯಾಟರಿಯದ್ದಾದರೆ ಚಾರ್ಜರಿನ ಪಿನ್ ಯಾವುದು. ಮೂವರದ್ದು 66 ಸೆಂ.ಮೀ. ಅಗಲದೊಳಗೆ. ಬ್ಯಾಟರಿ ಕುರ್ಚಿಯದ್ದು ಆಳು ಸೇರಿ 190 ಕೆ.ಜಿ. ರ್‍ಯಾಂಪಿನ ಲೆಕ್ಕವೆಲ್ಲ ಹಾಕಿದ್ದು ಈ 190ರ ಮೇಲೆ.

ಕೊನೆಗೆ ಹಿಡಿದ ಸಭಾಂಗಣದಲ್ಲಿ ರಂಗದ ಎತ್ತರ ಮೂರೂವರೆ ಅಡಿ. 1:12 ಇಳಿಜಾರು ಎಂದರೆ ಒಂದು ಇಂಚು ಏರಲು ಒಂದು ಅಡಿ ಉದ್ದ. ಅಲ್ಲಿಗೆ 42 ಅಡಿ ರ್‍ಯಾಂಪ್, ನಡುವೆ ಸಮತಟ್ಟು ಬೇರೆ. ಸಭಾಂಗಣದೊಳಗೆ ಅದಕ್ಕೆ ಎಡೆ ಎಲ್ಲಿ? "ನಾಲ್ಕು ಜನ ಹಿಡಿದು ಎತ್ತಿ ಇಡುವ ಮಾರಾಯ್ರೆ" ಎಂಬ ಸಲಹೆ ಬಂತು, ಬಂದೇ ಬರುತ್ತದೆ. ಒಪ್ಪಬಾರದು. ಹಲವು ಕುರ್ಚಿಗಳ ಕೈಹಿಡಿ, ಕಾಲುಹಲಗೆ ಕಳಚುವಂಥವು. ಅವನ್ನು ಹಿಡಿದು ಎತ್ತಿದರೆ ಅವಷ್ಟೇ ಕೈಗೆ ಬರುತ್ತವೆ. ಅದಲ್ಲದೆ, ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವ ಕೆಲಸಗಾರನನ್ನು ಹತ್ತು ಸಲವೂ ಹೊರುವವರು ಯಾರು?

ದಾರಿ ಸಿಕ್ಕಿದ್ದು ಹಿತ್ತಲಿನ ಕಡೆ. ಇಳಿಜಾರು ಜಾಗದ ಕಟ್ಟಡವಾದ್ದರಿಂದ ಸೆಟ್ ಇಳಿಸುವ ಹಿಂಬಾಗಿಲಿನ ಹೊರಗೆ ನೆಲವೇ ಎತ್ತರ, ರಂಗಕ್ಕೆ ಬರೀ ಏಳೂವರೆ ಇಂಚು ವ್ಯತ್ಯಾಸ. 8×4 ಅಡಿಯ 19 ಎಂ.ಎಂ. ಪ್ಲೈವುಡ್ ಹಾಳೆ ಒಂದೇ ಸಾಕಾಯಿತು. ಅಡಿಯಲ್ಲಿ ಉದ್ದಕ್ಕೆ ಐದು ರೀಪು, ಒಂದೊಂದು ಅಡಿಗೆ ಒಂದು. ಎರಡೂ ಅಂಚಿಗೆ ಮೂರು ಇಂಚಿನ ಪಟ್ಟಿ, ಚಕ್ರ ಪಕ್ಕಕ್ಕೆ ಜಾರದ ಹಾಗೆ. ಮೇಲೆ ಪೇಂಟ್ ಬಳಿದು ಹಸಿ ಇರುವಾಗಲೇ ಜರಡಿ ಹಿಡಿದ ಮರಳು ಉದುರಿಸಿದೆವು. ರಬ್ಬರ್ ಮ್ಯಾಟ್ ಹಾಸಬೇಡಿ, ಚಕ್ರದ ಜತೆಗೆ ಅದೂ ಹೊರಟುಬಿಡುತ್ತದೆ. ಐದು ಅಕ್ಕಿ ಮೂಟೆ, 250 ಕೆ.ಜಿ., ಒಂದು ರಾತ್ರಿ ನಡುವಿನಲ್ಲಿ ಇಟ್ಟು ನೋಡಿದೆವು; ಹಲಗೆ ಬಗ್ಗಲಿಲ್ಲ.

ಕೈಕೊಟ್ಟದ್ದು ಬೇರೆ ಎರಡು ಕಡೆ. ಕೆಳತುದಿಯಲ್ಲಿ ಪ್ಲೈವುಡ್ಡಿನ ದಪ್ಪವೇ ಒಂದು ಮೆಟ್ಟಿಲಾಯಿತು: ಮುಂದಿನ ಪುಟ್ಟ ಚಕ್ರಕ್ಕೆ 19 ಎಂ.ಎಂ. ತಡೆ ಸಾಕು, ಕುರ್ಚಿ ಗಕ್ಕನೆ ನಿಂತು ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಅಂಚು ಹತ್ತರಿ ಹೊಡೆದು ಅಲ್ಯೂಮಿನಿಯಂ ತಗಡು ಕೂರಿಸಿದ ಮೇಲೆ ಸರಿಹೋಯಿತು. ಇನ್ನೊಂದು, ಬ್ಯಾಟರಿ ಕುರ್ಚಿ ಹತ್ತುವಾಗ ಇಡೀ ರ್‍ಯಾಂಪೇ ಹಿಂದಕ್ಕೆ ಸರಿಯಿತು. ಮೇಲ್ತುದಿಯನ್ನು ಎಲ್ ಆಂಗಲ್ ಹಾಕಿ ಹೊಸಿಲಿಗೆ ಬೋಲ್ಟ್ ಮಾಡಬೇಕು.

ಬೋರ್ಡಿನದ್ದು ಇನ್ನೊಂದು ತಲೆನೋವು. ಕಂಟ್ರೋಲ್ ಕೋಣೆ ಬಾಲ್ಕನಿಯಲ್ಲಿ, ಹದಿನೆಂಟು ಮೆಟ್ಟಿಲು ಮೇಲೆ. ಬೋರ್ಡನ್ನೇ ಕೆಳಗಿಳಿಸಿ ಹಿಂದಿನ ಸಾಲಿನ ಆರು ಕುರ್ಚಿ ಕಳಚಿದ ಜಾಗದಲ್ಲಿಟ್ಟೆವು. ಇದರಿಂದ ಬೋರ್ಡಿನ ಸಿಗ್ನಲ್ಲನ್ನು ಲೈಟಿಗೆ ಒಯ್ಯುವ ಡಿಎಂಎಕ್ಸ್ ಕೇಬಲ್ 40 ಮೀಟರ್ ಆಯಿತು. ಅಷ್ಟು ದೂರಕ್ಕೆ ಮೈಕ್ ಕೇಬಲ್ ಹಾಕಿದರೆ ಸಿಗ್ನಲ್ ಕೊನೆಯಿಂದ ತಿರುಗಿ ಬಂದು ಎಲ್‌ಇಡಿ ಪಾರ್ ಲೈಟುಗಳು ಮಿಣುಕತೊಡಗಬಹುದು. ಡಿಎಂಎಕ್ಸ್ ಕೇಬಲನ್ನೇ ಬಳಸಿ, ಕೊನೆಯ ಲೈಟಿನ ಔಟ್‌ನಲ್ಲಿ 2 ಮತ್ತು 3ನೇ ಪಿನ್ ನಡುವೆ 120 ಓಮಿನ ಟರ್ಮಿನೇಟರ್ (ಸಿಗ್ನಲ್ ತಿರುಗಿ ಬರದಂತೆ ತಡೆಯುವ ರೆಸಿಸ್ಟರ್) ಹಾಕಿ.

ಮೇಜಿನ ಮೇಲ್ಮೈ 75 ಸೆಂ.ಮೀ., ಕೆಳಗೆ ಮೊಣಕಾಲಿಗೆ 70 ಸೆಂ.ಮೀ. ಖಾಲಿ. ಫ್ಲೈಟ್ ಕೇಸಿನ (ಸಲಕರಣೆ ಸಾಗಿಸುವ ಪೆಟ್ಟಿಗೆ) ಮೇಲೆ ಬೋರ್ಡ್ ಇಡುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ: ಕಾಲು ಒಳಗೆ ಹೋಗದೆ ಕುರ್ಚಿ ಅಡ್ಡ ನಿಲ್ಲಿಸಬೇಕು, ಇಡೀ ದಿನ ಸೊಂಟ ತಿರುಚಿಯೇ ಕೆಲಸ. ಕೂತವರ ಕಣ್ಣಿನ ಎತ್ತರ ಸುಮಾರು 115 ಸೆಂ.ಮೀ.; ಮಾನಿಟರ್ ಅದಕ್ಕಿಂತ ಮೇಲೆ ಬಂದರೆ ರಂಗ ಕಾಣಿಸದು.

ಹಜಾರದಲ್ಲಿ ಕೇಬಲ್ ಅಡ್ಡ ಹೋಗುವಲ್ಲಿ ದಪ್ಪ ರಬ್ಬರ್ ಉಬ್ಬು ಹಾಕದೆ, ಬಾಗಿಲಿನ ಚೌಕಟ್ಟಿನ ಮೇಲಿಂದ ಎಳೆದೆವು. ರಂಗದ ಪಕ್ಕದ ಮರೆಯ ಜಾಗವಾದ ವಿಂಗಿನಲ್ಲಿ ಟ್ರೈಪಾಡ್ ಸ್ಟ್ಯಾಂಡಿನ ಕಾಲುಗಳೇ ಒಂದು ಮೀಟರ್ ನುಂಗುತ್ತವೆ. ಅವನ್ನು ಒಂದು ಕಡೆಯ ವಿಂಗಿನಿಂದ ಪೂರ್ತಿ ತೆಗೆದು 120 ಸೆಂ.ಮೀ. ದಾರಿ ಉಳಿಸಿದೆವು. ರಂಗದ ಮುಂಅಂಚಿಗೆ ಎರಡು ಇಂಚಿನ ರೀಪು, ಮೇಲೆ ಹೊಳೆಯುವ ಟೇಪು. ಬ್ಲ್ಯಾಕೌಟ್ ತೋರಿಸುವ ಹೊತ್ತಿಗೆ ಬ್ರೇಕ್ ಹಾಕಿಸಿಯೇ ಲೈಟ್ ಆರಿಸಬೇಕು.

ಲೈಟ್ ಕಟ್ಟುವ ಪಾಠಕ್ಕೆ ಏಣಿಯ ಗೊಡವೆ ಬಿಟ್ಟು ಲೈಟು ತೂಗುಹಾಕುವ, ವಿಂಚಿನಿಂದ ಏರಿಳಿಸುವ ಬಾರನ್ನೇ 110 ಸೆಂ.ಮೀ.ಗೆ ಇಳಿಸಿದೆವು. ಕ್ಲಾಂಪ್, ಸೇಫ್ಟಿ ಚೈನ್, ಪಿನ್ ಎಲ್ಲ ಕೂತಲ್ಲೇ ಕೈಗೆಟುಕುತ್ತವೆ. ಬಾರ್ ಏರುವಾಗ ಇಳಿಯುವಾಗ ಎರಡು ಮೀಟರ್ ಸುತ್ತ ಯಾರೂ ಇರಕೂಡದು. ನಿಂತವನು ಹಾರಿ ಸರಿದಾನು, ಬ್ರೇಕ್ ಹಾಕಿದ ಕುರ್ಚಿ ಸರಿಯದು.

ಗ್ರೀನ್‌ರೂಮಿನ ಶೌಚಾಲಯದ ಬಾಗಿಲು ಒಳಗೆ ತೆರೆಯುತ್ತಿತ್ತು, ಒಳಗೆ ಕುರ್ಚಿ ಹೋದ ಮೇಲೆ ಮುಚ್ಚಲಾಗದು. ಆಚಾರಿಗೆ ಅರ್ಧ ದಿನದ ಕೆಲಸ, ಹೊರಗೆ ತೆರೆಯುವಂತೆ ತಿರುಗಿಸಿದರು. ಊಟಕ್ಕೆ ಬಫೆ ಬೇಡವೆಂದು ಮೇಜಿನಲ್ಲೇ ಬಡಿಸಿದೆವು: ಒಂದು ಕೈಯಲ್ಲಿ ಬಟ್ಟಲು ಹಿಡಿದು ಚಕ್ರ ತಿರುಗಿಸುವುದು ಹೇಗೆ?

ದಿನ ಗೊತ್ತುಮಾಡುವುದೂ ಸುಲಭವಲ್ಲ. ನವೆಂಬರಿನಿಂದ ಪತ್ತನಾಜೆಯವರೆಗೆ (ಮೇ ಕೊನೆಯ ಹೊತ್ತು) ಯಕ್ಷಗಾನ ಮೇಳ, ಭೂತಕೋಲ, ಶಾಲಾ ವಾರ್ಷಿಕೋತ್ಸವ, ಲೈಟಿನವರು ಸಿಗುವುದಿಲ್ಲ. ಮಳೆಗಾಲದಲ್ಲಿ ಹಿತ್ತಲಿಗೆಲ್ಲ ಹಾವಸೆ, ಚಕ್ರ ಜಾರುತ್ತದೆ. ಅಕ್ಟೋಬರ್ ಹಿಡಿದೆವು, ಸಂಜೆ ಗುಡುಗು ಮಳೆಯೂ ಬಂತು. ರ್‍ಯಾಂಪಿನ ಮೇಲೆ ಟರ್ಪಾಲು ಕಟ್ಟದಿದ್ದರೆ ಮರಳು ಹಾಕಿದ್ದೂ ವ್ಯರ್ಥವಾಗುತ್ತಿತ್ತು. ಉಡುಪಿಯ ಇಂದ್ರಾಳಿ ಸ್ಟೇಷನ್ನಿನಲ್ಲಿ ರೈಲು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ, ಅಂಗವಿಕಲರ ಬೋಗಿ ಸಾಮಾನ್ಯವಾಗಿ ರೈಲಿನ ತುದಿಗಿರುತ್ತದೆ. ಬ್ಯಾಟರಿ ಕುರ್ಚಿಯವರನ್ನು ಮಂಗಳೂರು ಸೆಂಟ್ರಲ್‌ನಲ್ಲಿ ಇಳಿಸಿಕೊಂಡೆವು: ರೈಲಿನ ಕೊನೆಯ ನಿಲ್ದಾಣ, ಗಡಿಬಿಡಿ ಇಲ್ಲ. ಅಲ್ಲಿಂದ ವ್ಯಾನಿನಲ್ಲಿ ಉಡುಪಿಗೆ ಒಂದೂವರೆ ಗಂಟೆ.