ಚೆಂಡುಹೂವಿನ ಹಾರಕ್ಕೆ ಮುನಿದ ರಾಡಾರ್

ಕಳೆದ ಆಯುಧಪೂಜೆಗೆ ಕಾರಿನ ಮುಂದೆ ಬಾಳೆಕಂದು ಕಟ್ಟಿ, ಬಂಪರ್ ತುಂಬ ಚೆಂಡುಹೂವಿನ ಹಾರ ಇಳಿಬಿಟ್ಟು ಒಂದು ಸುತ್ತು ಹೊರಟೆವು. ಬೀದಿ ದಾಟಿ ಸ್ವಲ್ಪ ದೂರ ಹೋಗಿರಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ: ಮುಂದಿನ ವಾಹನದ ದೂರ ಅಳೆಯುವ ರಾಡಾರ್‌ಗೆ ಏನೋ ಅಡ್ಡ ಬಂದಿದೆ. ಹಾರ ಸರಿಸಿದ ಮೇಲೆ ದೀಪ ಆರಿತು. ಹಸಿ ಹೂವು, ಹಸಿ ಎಲೆಯಲ್ಲಿ ನೀರಿನಂಶ ಜಾಸ್ತಿ. ಅದು ರಾಡಾರ್ ಅಲೆಯನ್ನು ತಡೆಯುತ್ತದೆ.

2021ರಲ್ಲಿ ಬಂದ ಎಕ್ಸ್‌ಯುವಿ700, ಆಸ್ಟರ್‌ನಂಥ ಕಾರುಗಳ ನಂತರ ನಮ್ಮಲ್ಲಿ ರಾಡಾರ್, ಕ್ಯಾಮೆರಾ ಸೇರಿ ಮುಂದಿನ ದಾರಿ ನೋಡಿ ಎಚ್ಚರಿಸುವ, ಬೇಕಾದರೆ ತಾನೇ ಬ್ರೇಕ್ ಹಾಕುವ ಈ ವ್ಯವಸ್ಥೆ ದುಬಾರಿ ಕಾರಿನವರ ಸೊತ್ತಾಗಿ ಉಳಿದಿಲ್ಲ. ನಿಮ್ಮ ಕಾರಿನಲ್ಲಿದ್ದರೆ ಮೊದಲು ಜಾಗ ಗುರುತಿಸಿಕೊಳ್ಳಿ. ಕ್ಯಾಮೆರಾ ಇರುವುದು ಮುಂದಿನ ಗಾಜಿನ ಒಳಗೆ, ಕನ್ನಡಿಯ ಹಿಂದೆ. ರಾಡಾರ್ ಸಾಮಾನ್ಯವಾಗಿ ಲೋಗೋ ಹಿಂದೆ ಅಥವಾ ಬಂಪರಿನ ಕೆಳಭಾಗದಲ್ಲಿ.

ಈಗ ಹೆದ್ದಾರಿಗೆ ಬನ್ನಿ. ನಿಮ್ಮ ವೇಗ ಗಂಟೆಗೆ 80 ಕಿ.ಮೀ. 60 ಮೀಟರ್ ಮುಂದೆ ಒಂದು ಲಾರಿ.

ಹಂತ 1: ರಾಡಾರ್ 77 ಗಿಗಾಹರ್ಟ್ಸ್ ಆಸುಪಾಸಿನ ಅಲೆ ಬಿಡುತ್ತದೆ. ಅದು ಲಾರಿಗೆ ಬಡಿದು ವಾಪಸ್ ಬರಲು 0.4 ಮೈಕ್ರೊಸೆಕೆಂಡ್ ಸಾಕು. ಆ ಹೊತ್ತಿನಿಂದ ದೂರ ಸಿಗುತ್ತದೆ. ಹತ್ತಿರ ಬರುವ ಬಸ್ಸಿನ ಹಾರನ್ ಕೀರಲಾಗಿ, ದಾಟಿಹೋದ ಮೇಲೆ ದಪ್ಪಗೆ ಕೇಳುತ್ತದಲ್ವಾ? ಅಲೆಯಲ್ಲೂ ಅಂಥದ್ದೇ ವ್ಯತ್ಯಾಸವಾಗುತ್ತದೆ. ಅದರಿಂದ ವೇಗ ಗೊತ್ತಾಗುತ್ತದೆ.

ಹಂತ 2: ಅದು ಲಾರಿಯೋ, ಎಮ್ಮೆಯೋ, ಯಾವ ಲೇನಿನಲ್ಲಿದೆ? ಇದನ್ನು ಹೇಳುವುದು ಕ್ಯಾಮೆರಾ. ಲೇನಿನ ಬಿಳಿ ಗೆರೆ ಕಾಣುವುದೂ ಅದಕ್ಕೇ. ಆದರೆ ಮಂಜು, ಎದುರು ಬಿಸಿಲು, ಕತ್ತಲು ಅಂದರೆ ಅದಕ್ಕೆ ಕಷ್ಟ.

ಹಂತ 3: ಒಂದು ಕಂಪ್ಯೂಟರ್ ಇಬ್ಬರ ಮಾತನ್ನೂ ತಾಳೆ ನೋಡುತ್ತದೆ. ನಿಜವಾದ ತಲೆನೋವು ಇಲ್ಲೇ. ನಿಂತ ಲಾರಿಗೆ ಬಡಿದಂತೆಯೇ ರಸ್ತೆಬದಿಯ ಕಂಬಿ, ಮೇಲುಗಡೆಯ ಬೋರ್ಡು, ಮ್ಯಾನ್‌ಹೋಲ್ ಮುಚ್ಚಳಕ್ಕೂ ಅಲೆ ಬಡಿದು ವಾಪಸ್ ಬರುತ್ತದೆ. ಎಲ್ಲದಕ್ಕೂ ಬ್ರೇಕ್ ಒತ್ತಿದರೆ ಹಿಂದಿನವರು ಬಂದು ಗುದ್ದುತ್ತಾರೆ. ಹಾಗಾಗಿ ನಿಂತ ವಸ್ತುವಿನ ವಿಷಯದಲ್ಲಿ ಹಲವು ವ್ಯವಸ್ಥೆಗಳು ಕ್ಯಾಮೆರಾ ಹೂಂ ಅನ್ನಲಿ ಅಂತ ಕಾಯುತ್ತವೆ. ರಾತ್ರಿ ಹಿಂದಿನ ದೀಪವಿಲ್ಲದೆ ನಿಲ್ಲಿಸಿದ ಟ್ರ್ಯಾಕ್ಟರ್ ಟ್ರೈಲರ್ ನೆನೆಸಿಕೊಳ್ಳಿ. ರಾಡಾರ್‌ಗೆ ಸಿಕ್ಕರೂ ಕ್ಯಾಮೆರಾಗೆ ಅದು ತಡವಾಗಿ ಕಾಣಬಹುದು. ಅಂಥ ರಸ್ತೆಯಲ್ಲಿ ನಾನಂತೂ ಇದನ್ನು ನಂಬಿ ಓಡಿಸುವುದಿಲ್ಲ.

ಹಂತ 4: ಲಾರಿಯ ವೇಗ 40ಕ್ಕೆ ಇಳಿಯಿತು ಅನ್ನಿ. ಅಂತರ ಸೆಕೆಂಡಿಗೆ 11 ಮೀಟರ್ ಕಮ್ಮಿಯಾಗುತ್ತದೆ. ಕೈಯಲ್ಲಿರುವುದು ಐದು ಸೆಕೆಂಡು ಚಿಲ್ಲರೆ. ನೀವು ನಿಧಾನಿಸದೆ ಆ ಸಮಯ ಇನ್ನೂ ಇಳಿದರೆ ಮೊದಲು ಬೀಪ್, ಕೊನೆಗೆ ಕಾರೇ ಬ್ರೇಕ್ ಹಾಕುತ್ತದೆ.

ಮುಂದಿನ ಗಾಜು ಬದಲಿಸಿದಾಗ ಕ್ಯಾಮೆರಾ ಕ್ಯಾಲಿಬ್ರೇಶನ್ (ಅದು ನೋಡುವ ದಿಕ್ಕನ್ನು ಸರಿಹೊಂದಿಸುವುದು) ಮಾಡಿದ್ದಾರಾ ಅಂತ ತಪ್ಪದೆ ಕೇಳಿ. 1 ಡಿಗ್ರಿ ಪಕ್ಕಕ್ಕೆ ತಿರುಗಿದ್ದರೂ 60 ಮೀಟರ್ ದೂರದಲ್ಲಿ ಲೆಕ್ಕ ಸುಮಾರು 1 ಮೀಟರ್ ತಪ್ಪುತ್ತದೆ. ಪಕ್ಕದ ಲೇನಿನ ಬೈಕು ನಿಮ್ಮ ಮುಂದೆಯೇ ಇದ್ದಂತೆ. ಈ ಸಲ ಹಾರವನ್ನು ಬಾನೆಟ್ ಮೇಲೆ ಹಾಕುತ್ತೇವೆ, ಬಾಳೆಕಂದು ಎರಡು ಪಕ್ಕಕ್ಕೆ. ಊರು ಸುತ್ತುವ ಮೊದಲು ಎರಡನ್ನೂ ಬಿಚ್ಚುವುದು ಅಂತ ಮನೆಯಲ್ಲಿ ತೀರ್ಮಾನವಾಗಿದೆ.