ಹೆಸರು ಹುಡುಕಲು ಐದು ಸೆಕೆಂಡು: ನನ್ನ ಅನುಭವ

ನಾನು ನೋಡಿಕೊಳ್ಳುತ್ತಿದ್ದ ಲಿನಕ್ಸ್ ಸರ್ವರೊಂದರಲ್ಲಿ ಬಿಲ್ ತಯಾರಿಸುವ ಪೈಥಾನ್ ಪ್ರೋಗ್ರಾಂ ದಿನಕ್ಕೆ ಕೆಲವು ಬಾರಿ ಸುಮ್ಮನೆ ನಿಂತು, ಮತ್ತೆ ತಾನಾಗಿಯೇ ಮುಂದುವರಿಯುತ್ತಿತ್ತು. ಸರ್ವರುಗಳ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯ ಮೇಲೆ ಅನುಮಾನ ಬಂದು, ಅದನ್ನು ಪರೀಕ್ಷಿಸುವ ‘ಡಿಗ್’ ಕಮಾಂಡನ್ನು ಹತ್ತಾರು ಸಲ ಓಡಿಸಿದೆ. ಪ್ರತಿ ಸಲವೂ ಉತ್ತರ ಕೆಲವೇ ಮಿಲಿಸೆಕೆಂಡುಗಳಲ್ಲಿ ಬಂದಿತು. ಅದನ್ನು ನಂಬಿ ಎರಡು ದಿನ ಕಳೆದುಕೊಂಡೆ. ಡಿಗ್ ನೇರವಾಗಿ, ಡಿಎನ್‌ಎಸ್ ಉತ್ತರ ಕೊಡುವ ನೇಮ್ ಸರ್ವರನ್ನೇ ಕೇಳುತ್ತದೆ. ಪೈಥಾನ್ ಪ್ರೋಗ್ರಾಮಾದರೋ ಲಿನಕ್ಸಿನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಹೆಸರು ಹುಡುಕುವ ‘ಗೆಟ್‌ಆಡ್ರ್‌ಇನ್ಫೋ’ ಫಂಕ್ಷನ್ನಿನ ಮೂಲಕ ಹೋಗುತ್ತದೆ. ಅಳೆಯಬೇಕಾಗಿದ್ದುದು ಆ ದಾರಿಯನ್ನು.

ಅದಕ್ಕೆ, ಓಡುತ್ತಿರುವ ಪ್ರೋಗ್ರಾಮಿನೊಳಗೆ ಇಣುಕಿ ನೋಡುವ ‘ಬಿಪಿಎಫ್‌ಟ್ರೇಸ್’ ಹಿಡಿದೆ. ಸೊಲಾರಿಸ್ 10 ಆಪರೇಟಿಂಗ್ ಸಿಸ್ಟಮ್ಮಿನೊಂದಿಗೆ 2005ರಲ್ಲಿ ಬಂದ ಡಿಟ್ರೇಸ್‌ನ ಜಾಡಿನಲ್ಲೇ ಬೆಳೆದ ಈ ಸಾಧನಕ್ಕೆ ರೂಟ್ (ಸರ್ವರಿನ ಮುಖ್ಯ ನಿರ್ವಾಹಕರ) ಅನುಮತಿ ಬೇಕು, ಆದರೆ ಪ್ರೋಗ್ರಾಮನ್ನು ನಿಲ್ಲಿಸಬೇಕಾಗಿಲ್ಲ. ಫಂಕ್ಷನ್ ಆರಂಭವಾಗುವಲ್ಲಿ ಒಂದು ಯುಪ್ರೋಬ್ (ಪ್ರೋಗ್ರಾಂ ಆ ಜಾಗಕ್ಕೆ ಬಂದಾಗ ತಿಳಿಸುವ ಗುರುತು) ಇಟ್ಟು ಸಮಯವನ್ನೂ ಮೊದಲ ಆರ್ಗ್ಯುಮೆಂಟಿನಲ್ಲಿರುವ, ಹೆಸರಿನ ಮೆಮೊರಿ ವಿಳಾಸವನ್ನೂ ಉಳಿಸಿಕೊಂಡೆ. ಅದು ಹಿಂದಿರುಗುವಲ್ಲಿ ಇನ್ನೊಂದು ಪ್ರೋಬ್ ಇಟ್ಟು ವ್ಯತ್ಯಾಸವನ್ನು, ಎಷ್ಟು ಕರೆಗಳಿಗೆ ಎಷ್ಟು ಸಮಯ ಹಿಡಿಯಿತೆಂದು ತೋರಿಸುವ ಹಿಸ್ಟೋಗ್ರಾಮಿಗೆ ಸೇರಿಸಿದೆ. ಮೊದಲ ಪ್ರಯತ್ನದಲ್ಲಿ ಪ್ರೋಸೆಸ್ ಐಡಿಯನ್ನೇ ಕೀ ಮಾಡಿಕೊಂಡಿದ್ದರಿಂದ ಒಂದೇ ಪ್ರೋಸೆಸ್ಸಿನೊಳಗೆ ಏಕಕಾಲಕ್ಕೆ ಓಡುವ ಬೇರೆ ಬೇರೆ ಥ್ರೆಡ್ಡುಗಳ ಸಮಯಗಳು ಒಂದರ ಮೇಲೊಂದು ಬಿದ್ದು ಅಂಕಿಗಳೆಲ್ಲ ಕಲಸುಮೇಲೋಗರವಾದವು. ಥ್ರೆಡ್ ಐಡಿಗೆ ಬದಲಾಯಿಸಿದ ಮೇಲೆ ಸರಿಹೋಯಿತು.

ಸರಾಸರಿಯನ್ನು ನೋಡಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಹಿಸ್ಟೋಗ್ರಾಮಿನಲ್ಲಿ ಬಹುಪಾಲು ಕರೆಗಳು ಒಂದೆರಡು ಮಿಲಿಸೆಕೆಂಡಿನ ಬಳಿ ಗುಂಪಾಗಿದ್ದವು; ನಡುವೆಲ್ಲ ಖಾಲಿ; ದೂರದಲ್ಲಿ, 4,096ರಿಂದ 8,192 ಮಿಲಿಸೆಕೆಂಡಿನ ಸಾಲಿನಲ್ಲಿ, ಇನ್ನೊಂದು ಚಿಕ್ಕ ಗುಂಪು. ಅವುಗಳನ್ನು ಹೆಸರಿನೊಂದಿಗೆ ಒಂದೊಂದಾಗಿ ಮುದ್ರಿಸಿದಾಗ ಎಲ್ಲವೂ 5,000ಕ್ಕಿಂತ ತುಸುವೇ ಹೆಚ್ಚಿದ್ದವು. ಇಷ್ಟು ದುಂಡಾದ ಅಂಕಿಗೆ ಭಾರವಾದ ಕೆಲಸ ಕಾರಣವಾಗಿರುವುದು ಅಪರೂಪ; ಯಾರೋ ಟೈಮ್‌ಔಟ್‌ಗೆ ಕಾಯುತ್ತಿದ್ದಾರೆಂದೇ ಅರ್ಥ. ಜಿಲಿಬ್‌ಸಿಯ ರಿಸಾಲ್ವರ್ (ಹೆಸರು ಹುಡುಕುವ ಭಾಗ) ಒಂದು ಪ್ರಶ್ನೆಗೆ ಉತ್ತರ ಕಾಯುವ ಡೀಫಾಲ್ಟ್ ಅವಧಿ ಸರಿಯಾಗಿ 5 ಸೆಕೆಂಡು.

ಬಳಿಕ, ನೆಟ್‌ವರ್ಕಿನಲ್ಲಿ ಹೋಗಿಬರುವ ಸಂದೇಶಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ಉಳಿದ ಕಥೆ ಸಿಕ್ಕಿತು. ರಿಸಾಲ್ವರ್ ಐಪಿವಿ4 ಮತ್ತು ಐಪಿವಿ6 ವಿಳಾಸಗಳಿಗಾಗಿ ಎರಡು ಪ್ರಶ್ನೆಗಳನ್ನು ಒಂದೇ ಸಾಕೆಟ್ಟಿನಿಂದ ಒಟ್ಟಿಗೆ ಕಳುಹಿಸುತ್ತಿತ್ತು. ನಡುವಿನ ಫೈರ್‌ವಾಲ್ ಕೆಲವೊಮ್ಮೆ ಒಂದು ಉತ್ತರವನ್ನಷ್ಟೇ ಒಳಗೆ ಬಿಡುತ್ತಿತ್ತು; ಇನ್ನೊಂದಕ್ಕಾಗಿ ರಿಸಾಲ್ವರ್ ಟೈಮ್‌ಔಟ್ ಆಗುವವರೆಗೆ ಕಾಯುತ್ತಿತ್ತು. ರಿಸಾಲ್ವರಿನ ಸೆಟ್ಟಿಂಗುಗಳಿರುವ ರಿಸಾಲ್ವ್ ಕಾನ್ಫ್ ಕಡತದಲ್ಲಿ, ಎರಡನೆಯ ಪ್ರಶ್ನೆಗೆ ಬೇರೆ ಸಾಕೆಟ್ ತೆರೆಯುವ ‘ಸಿಂಗಲ್-ರಿಕ್ವೆಸ್ಟ್-ರೀಓಪನ್’ ಆಯ್ಕೆಯನ್ನು ಸೇರಿಸಿ, ಅದೇ ಪ್ರೋಬನ್ನು ಒಂದು ಇಡೀ ದಿನ ಓಡಲು ಬಿಟ್ಟೆ. 5 ಸೆಕೆಂಡಿನ ಗುಂಪು ಮತ್ತೆ ಕಾಣಿಸಲಿಲ್ಲ. ಅದೇ ಸರ್ವರಿನಲ್ಲಿದ್ದ ಗೋ ಭಾಷೆಯ ಇನ್ನೊಂದು ಪ್ರೋಗ್ರಾಂ ಮಾತ್ರ ಈ ಅಳತೆಯೊಳಗೆ ಬರಲೇ ಇಲ್ಲ, ಏಕೆಂದರೆ ಅದು ತನ್ನದೇ ರಿಸಾಲ್ವರನ್ನು ಬಳಸುತ್ತಿತ್ತು.